ಭಯಗೊಂಡ ಮಕ್ಕಳ ಬಳಿ ಕುಳಿತುಕೊಳ್ಳುವವರು ಯಾರು?

2022ರ ನವೆಂಬರ್ 20, ರವಿವಾರ. ಅಂದು ಕ್ರಿಸ್ತರಾಜರ ಹಬ್ಬ. ಪೂಜೆ ಮುಗಿದ ಬಳಿಕ ವೇಣೂರಿನಲ್ಲಿ ಎಂದಿನಂತೆ ಕ್ರೈಸ್ತ ಶಿಕ್ಷಣದ ತರಗತಿ ಆರಂಭವಾಗಿತ್ತು. ಪಾಠ ತೆಗೆಯುವ ಮುನ್ನವೇ ಏಳನೆಯ ತರಗತಿಯ ಬಾಲಕಿಯೊಬ್ಬಳು ಎದ್ದು ನಿಂತು, “ಟೀಚರ್, ನಾಳೆ ಶಾಲೆಗೆ ರಿಕ್ಷಾದಲ್ಲಿ ಹೋಗಬಹುದೇ?” ಎಂದು ಕೇಳಿದಳು. ತರಗತಿ ನಿಶ್ಶಬ್ದವಾಯಿತು. ಎಲ್ಲ ಮಕ್ಕಳೂ ಅದೇ ಪ್ರಶ್ನೆಯನ್ನು ಹೊತ್ತುಕೊಂಡು ಬಂದಿದ್ದರೆಂಬುದು ಅವರ ಮುಖಗಳಿಂದಲೇ ತಿಳಿಯುತ್ತಿತ್ತು. ಮೂವತ್ತು ವರ್ಷ ಶಾಲೆಯಲ್ಲಿ ಪಾಠ ಹೇಳಿದವಳು ನಾನು. ಆದರೂ ನನ್ನ ಬಾಯಿಂದ ಬಂದ ಉತ್ತರ ಇಷ್ಟೇ: “ಏನೂ ಆಗುವುದಿಲ್ಲ, ದೇವರಿದ್ದಾನೆ. ಪುಸ್ತಕ ತೆರೆಯಿರಿ.”

ಮಕ್ಕಳು ಪುಸ್ತಕ ತೆರೆದರು. ಆ ಉತ್ತರದಲ್ಲಿ ಸುಳ್ಳೂ ಇತ್ತು, ಸೋಮಾರಿತನವೂ ಇತ್ತು ಎಂಬುದು ನನಗೆ ಮನವರಿಕೆಯಾಗಲು ಹಲವು ದಿನಗಳು ಬೇಕಾದವು.

ಹಿಂದಿನ ದಿನ ಸಂಜೆ ಮಂಗಳೂರಿನ ನಾಗುರಿ ಸಮೀಪ ಚಲಿಸುತ್ತಿದ್ದ ಆಟೋರಿಕ್ಷಾದಲ್ಲಿ ಸ್ಫೋಟ ಸಂಭವಿಸಿತ್ತು. ಪ್ರಯಾಣಿಕನ ಬಳಿಯಿದ್ದ ಕುಕ್ಕರಿನೊಳಗೆ ಬಾಂಬು ಅಡಗಿತ್ತು. ಉದ್ದೇಶಿತ ಗುರಿಯನ್ನು ತಲುಪುವ ಮೊದಲೇ ಅದು ಸಿಡಿದುದರಿಂದ ಘೋರ ಅನಾಹುತವೊಂದು ತಪ್ಪಿತು. ಆದರೆ ದುಡಿಮೆಗೆಂದು ಹೊರಟಿದ್ದ ಚಾಲಕರು ತೀವ್ರವಾಗಿ ಸುಟ್ಟುಹೋದರು. ಇದು ಆಕಸ್ಮಿಕವಲ್ಲ, ಭಯೋತ್ಪಾದಕ ಕೃತ್ಯವೆಂದು ರಾಜ್ಯದ ಪೊಲೀಸ್ ಮಹಾನಿರ್ದೇಶಕರು ಪ್ರಕಟಿಸಿದುದು ರವಿವಾರವೇ. ಮಂಗಳೂರು ನಮ್ಮ ವೇಣೂರಿನಿಂದ ಸುಮಾರು 50 ಕಿಲೋಮೀಟರ್ ದೂರದಲ್ಲಿದೆ. ಹಿರಿಯರಿಗೆ ಆ ಅಂತರ ಸಮಾಧಾನ ಕೊಡಬಹುದು. ಮಕ್ಕಳ ಲೆಕ್ಕವೇ ಬೇರೆ. ರಿಕ್ಷಾ ಅವರ ಮನೆಯ ಮುಂದೆ ನಿಲ್ಲುತ್ತದೆ, ಕುಕ್ಕರು ಅವರ ಅಡುಗೆಮನೆಯಲ್ಲಿದೆ.

ಪ್ರಶ್ನೆ ಕೇಳಿದ ಬಾಲಕಿಯ ತಾಯಿ ಎರಡು ವಾರಗಳ ಬಳಿಕ ನನ್ನನ್ನು ಕಂಡರು. ಬೆಳಗಿನ ಹೊತ್ತು ಕುಕ್ಕರು ಸೀಟಿ ಹಾಕಿದೊಡನೆ ಮಗಳು ಅಂಗಳಕ್ಕೆ ಓಡುತ್ತಾಳೆ, ರಾತ್ರಿ ತನ್ನ ಪಕ್ಕದಲ್ಲಿಯೇ ಮಲಗುತ್ತಾಳೆ, ಹೊಟ್ಟೆನೋವೆಂದು ಶಾಲೆ ತಪ್ಪಿಸುತ್ತಾಳೆ ಎಂದರು. ಮನೆಯವರು ಮೊದಲು ನಕ್ಕರು, ಬಳಿಕ ಗದರಿಸಿದರು, ಕೊನೆಗೆ ಕುಕ್ಕರನ್ನೇ ಅಟ್ಟಕ್ಕೇರಿಸಿ ಮಣ್ಣಿನ ಪಾತ್ರೆಯಲ್ಲಿ ಅನ್ನ ಬೇಯಿಸತೊಡಗಿದರು. ಈ ಮೂರೂ ಕ್ರಮಗಳು ಪ್ರೀತಿಯಿಂದಲೇ ಹುಟ್ಟಿದವು; ಮೂರೂ ಪ್ರಯೋಜನಕ್ಕೆ ಬರಲಿಲ್ಲ. ನಗೆ ಮಗುವನ್ನು ಒಂಟಿಯಾಗಿಸುತ್ತದೆ, ಗದರಿಕೆ ಅದರ ಬಾಯಿ ಮುಚ್ಚಿಸುತ್ತದೆ. ಕುಕ್ಕರನ್ನು ಅಡಗಿಸಿಟ್ಟರೆ, ‘ಹೌದು, ಅದು ಅಪಾಯಕಾರಿಯೇ, ನಿನ್ನ ಅಪ್ಪ ಅಮ್ಮನಿಗೂ ಅದರ ಹೆದರಿಕೆಯಿದೆ’ ಎಂದು ಮಗುವಿಗೆ ಬಾಯಿಬಿಟ್ಟು ಹೇಳಿದಂತಾಗುತ್ತದೆ.

ಆ ತಾಯಿಗೆ ದಾರಿ ತೋರಿಸಿದವರು ಮನೋವೈದ್ಯರೊಬ್ಬರು. ಕುಕ್ಕರು ಮರಳಿ ಒಲೆಗೆ ಬಂತು. ಮೊದಲ ದಿನ ಹುಡುಗಿ ಬಾಗಿಲಲ್ಲಿ ನಿಂತು ನೋಡಿದಳು. ಕೆಲವು ದಿನಗಳ ಬಳಿಕ ಅಕ್ಕಿ ತೊಳೆದು ಹಾಕಿದಳು. ಸೀಟಿ ಏಕೆ ಬರುತ್ತದೆ, ಆವಿ ಎಲ್ಲಿಂದ ಹೊರಬೀಳುತ್ತದೆ, ಸುರಕ್ಷಾ ಕವಾಟ ಎಂಬುದು ಏಕಿದೆ ಎಂದು ತಂದೆ ತೋರಿಸಿಕೊಟ್ಟರು. ಸೀಟಿಗಳನ್ನು ಎಣಿಸಿ ಒಲೆ ಆರಿಸುವ ಕೆಲಸ ಕ್ರಮೇಣ ಅವಳದೇ ಆಯಿತು. ಭಯಪಡುವ ವಸ್ತುವನ್ನು ಕಣ್ಣಿಂದ ಮರೆಮಾಡದೆ, ಹಾಗೆಂದು ಒಮ್ಮೆಲೇ ಅದರ ಮುಂದೆ ನೂಕಿಬಿಡದೆ, ಒಬ್ಬ ಹಿರಿಯರ ಕೈ ಹಿಡಿದು ಹಂತಹಂತವಾಗಿ ಅದರ ಬಳಿ ಸಾಗುವುದು. ಇದರಲ್ಲಿ ಮಂತ್ರವೇನೂ ಇಲ್ಲ; ಬೇಕಾದುದು ಸಮಯ.

ಮಕ್ಕಳಿಗೆ ಇಷ್ಟೊಂದು ಆಘಾತವಾಗುವುದುಂಟೇ, ಇದು ಪೇಟೆಯವರ ಕೊಂಡಾಟವಲ್ಲವೇ ಎಂದು ನಮ್ಮಲ್ಲಿ ಕೆಲವರು ಕೇಳುತ್ತಾರೆ. 2001ರ ಸೆಪ್ಟೆಂಬರ್ 11ರಂದು ಅಮೆರಿಕದ ಮೇಲೆ ನಡೆದ ದಾಳಿಯಾದ ಕೆಲವೇ ದಿನಗಳಲ್ಲಿ ಆ ದೇಶದಾದ್ಯಂತ ದೂರವಾಣಿಯ ಮೂಲಕ ಸಮೀಕ್ಷೆಯೊಂದನ್ನು ನಡೆಸಲಾಯಿತು. ದಾಳಿಯ ಸ್ಥಳದಿಂದ ಬಹುದೂರದಲ್ಲಿದ್ದ ಕುಟುಂಬಗಳನ್ನೂ ಒಳಗೊಂಡ ಆ ಸಮೀಕ್ಷೆಯಲ್ಲಿ ಶೇಕಡಾ 35ರಷ್ಟು ಮಕ್ಕಳಲ್ಲಿ ಮಾನಸಿಕ ಒತ್ತಡದ ಒಂದಾದರೂ ಲಕ್ಷಣ ಕಂಡುಬಂದಿತ್ತು. ಶೇಕಡಾ 47ರಷ್ಟು ಮಕ್ಕಳು ತಮ್ಮ ಅಥವಾ ತಮ್ಮವರ ಸುರಕ್ಷೆಯ ಬಗ್ಗೆ ಚಿಂತಿತರಾಗಿದ್ದರು. 2013ರ ಏಪ್ರಿಲ್ ತಿಂಗಳಲ್ಲಿ ಬೋಸ್ಟನ್ ನಗರದ ಮ್ಯಾರಥಾನ್ ಓಟದ ವೇಳೆ ಬಾಂಬು ಸಿಡಿದಾಗ ನಡೆದ ಅಧ್ಯಯನ ಇನ್ನೂ ವಿಚಾರಾರ್ಹವಾದುದು. ಸ್ಫೋಟದ ನಂತರದ ವಾರದಲ್ಲಿ ದಿನಕ್ಕೆ ಆರು ಗಂಟೆ ಅಥವಾ ಅದಕ್ಕೂ ಹೆಚ್ಚು ಕಾಲ ಅದರ ಸುದ್ದಿ, ಚಿತ್ರಗಳನ್ನೇ ನೋಡುತ್ತಿದ್ದ ವಯಸ್ಕರು, ಘಟನಾಸ್ಥಳದಲ್ಲಿಯೇ ಇದ್ದವರಿಗಿಂತಲೂ ಹೆಚ್ಚಿನ ತೀವ್ರ ಒತ್ತಡವನ್ನು ಅನುಭವಿಸಿದ್ದರು. ದೊಡ್ಡವರ ಪಾಡೇ ಇದಾದರೆ ಮಕ್ಕಳದ್ದೇನು? ಸ್ಫೋಟ ನಡೆಯುವುದು ಒಮ್ಮೆ. ಮೊಬೈಲಿನ ಪರದೆಯ ಮೇಲೆ ಅದು ಸಂಜೆಯ ತೇರ್ಸಿನಿಂದ ನಡುರಾತ್ರಿಯವರೆಗೆ ನೂರು ಬಾರಿ ನಡೆಯುತ್ತದೆ.

ಅಂದಿನ ಹುಡುಗಿಯೂ ನಾಗುರಿಯ ರಸ್ತೆಯ ಆ ದೃಶ್ಯವನ್ನು ಅಪ್ಪನ ಮೊಬೈಲಿನಲ್ಲಿ ಎಷ್ಟು ಬಾರಿ ನೋಡಿದ್ದಳೆಂದು ಅವಳಿಗೇ ಲೆಕ್ಕವಿರಲಿಲ್ಲ. ಅದನ್ನು ಅವಳಿಗೆ ತೋರಿಸಿದವರು ಮನೆಯ ಹಿರಿಯರೇ. ಉಗ್ರರಿಗೆ ಬೇಕಾಗಿರುವುದು ಕೆಲವರ ಪ್ರಾಣ ಮಾತ್ರವಲ್ಲ, ಪ್ರಾಣ ಉಳಿದವರ ನಿದ್ದೆಯೂ ಹೌದು. ಅವರ ಕೆಲಸದ ಆ ಎರಡನೆಯ ಭಾಗವನ್ನು ನಾವೇ ಉಚಿತವಾಗಿ ಪೂರೈಸಿಕೊಡುತ್ತಿದ್ದೇವೆ. ದಾಳಿಯ ದಿನ ಸುದ್ದಿಯನ್ನು ಒಮ್ಮೆ ಓದಿ ಅಥವಾ ಕೇಳಿ ತಿಳಿದುಕೊಂಡು, ಟಿ.ವಿ. ಮುಚ್ಚುವುದು ಒಂದು ಮನೆ ಮಾಡಬಹುದಾದ ಮೊದಲನೆಯ ಪ್ರಥಮ ಚಿಕಿತ್ಸೆ. ಹದಿನಾರರ ಮಕ್ಕಳ ಕೈಯಿಂದ ಮೊಬೈಲ್ ಕಸಿದುಕೊಂಡರೆ ಅದು ಯುದ್ಧವಾದೀತು. ಅವರ ಪಕ್ಕದಲ್ಲಿ ಕುಳಿತು, ‘ಇದನ್ನು ಕಳುಹಿಸಿದವರು ಯಾರು? ಇದು ನಿನ್ನೆಯದೇ, ಹಳೆಯದೇ?’ ಎಂದು ಒಟ್ಟಿಗೆ ಪರಿಶೀಲಿಸುವುದು ಹೆಚ್ಚು ಫಲಕಾರಿ.

ಇನ್ನು ಮಾತಿನ ವಿಷಯ. ಭಯಗೊಂಡ ಮಕ್ಕಳಿಗೆ ಏನು ಹೇಳಬೇಕು? ನಾನು ಹೇಳಿದ ‘ಏನೂ ಆಗುವುದಿಲ್ಲ’ ಎಂಬ ಮಾತು ನಿಲ್ಲುವಂತಹುದಲ್ಲ. ಏಕೆಂದರೆ ಹಿಂದಿನ ದಿನವಷ್ಟೇ ಒಬ್ಬರಿಗೆ ಆಗಿತ್ತು. ಅದು ಮಕ್ಕಳಿಗೆ ತಿಳಿದಿತ್ತು, ನನಗೂ ತಿಳಿದಿದೆಯೆಂಬುದೂ ಅವರಿಗೆ ಗೊತ್ತಿತ್ತು. ಅಂದು ನಾನು ಆಡಬೇಕಾಗಿದ್ದ ಮಾತು ಬಹುಶಃ ಹೀಗಿತ್ತು: ‘ಒಂದು ಕೆಟ್ಟ ಘಟನೆ ನಡೆದಿದೆ, ಒಬ್ಬರಿಗೆ ಸುಟ್ಟ ಗಾಯಗಳಾಗಿವೆ, ಅದನ್ನು ಮಾಡಿದವನು ಸಿಕ್ಕಿಬಿದ್ದಿದ್ದಾನೆ. ಇಂತಹವು ನಡೆಯುವುದು ಅಪರೂಪ. ನನಗೂ ನಿನ್ನೆ ಹೆದರಿಕೆಯಾಯಿತು. ನಾಳೆ ನೀವು ರಿಕ್ಷಾದಲ್ಲಿಯೇ ಶಾಲೆಗೆ ಹೋಗಿರಿ; ಸಂಜೆ ನನ್ನನ್ನು ಕಂಡು ಹೇಗಿತ್ತೆಂದು ತಿಳಿಸಿರಿ.’ ಸತ್ಯವನ್ನು ಅಳತೆಯರಿತು ಕೊಡುವುದು, ಕೇಳಿದುದಕ್ಕಿಂತ ಹೆಚ್ಚು ವಿವರಿಸದಿರುವುದು, ಮರುದಿನ ಸಿಗುತ್ತೇನೆಂಬ ಭರವಸೆ ಕೊಡುವುದು. ದೇವರಿದ್ದಾನೆಂಬುದು ನನ್ನ ವಿಶ್ವಾಸ. ಅದನ್ನು ಬಿಟ್ಟುಕೊಡುವ ಮಾತಿಲ್ಲ. ಆದರೆ ಪ್ರಶ್ನೆಯ ಬಾಯಿಗೆ ಬಿರಡೆ ಹಾಕಲು ದೇವರ ಹೆಸರನ್ನು ಬಳಸುವುದು ಭಕ್ತಿಯಲ್ಲ.

ಈ ಸಂದರ್ಭದಲ್ಲಿ ಯೋಬನ ಗ್ರಂಥ ನೆನಪಾಗುತ್ತದೆ. ಮಕ್ಕಳನ್ನೂ ಸಂಪತ್ತನ್ನೂ ಕಳೆದುಕೊಂಡು ಬೂದಿಯಲ್ಲಿ ಕುಳಿತ ಯೋಬನನ್ನು ಕಾಣಲು ಮೂವರು ಗೆಳೆಯರು ಬಂದರು. ಏಳು ಹಗಲು ಏಳು ರಾತ್ರಿ ಒಂದು ಮಾತನ್ನೂ ಆಡದೆ ಅವನೊಡನೆ ನೆಲದ ಮೇಲೆ ಕುಳಿತರು. ಅವರು ಮಾಡಿದ ಉಪಕಾರ ಅದೊಂದೇ. ಎಂಟನೆಯ ದಿನದಿಂದ ಬಾಯಿ ತೆರೆದು ಕಾರಣಗಳನ್ನು ವಿವರಿಸತೊಡಗಿದರು. ಅಲ್ಲಿಂದ ಮುಂದೆ ಅವರು ಯೋಬನಿಗೆ ಹುಣ್ಣುಗಳಿಗಿಂತಲೂ ಹೆಚ್ಚಿನ ಹಿಂಸೆಯಾದರು. ಸಾವಿನ ಮನೆಗೆ ಹೋಗಿ ‘ದೇವರ ಚಿತ್ತ’, ‘ಅವರ ಆಯುಷ್ಯ ಅಷ್ಟೇ’ ಎಂದು ಒಂದೇ ಉಸಿರಿಗೆ ಹೇಳಿ ಚಹಾ ಕುಡಿದು ಬರುವ ನಾವೆಲ್ಲರೂ ಎಂಟನೆಯ ದಿನದ ಗೆಳೆಯರೇ.

ಇಂದಿನ ಮನೋವೈದ್ಯಶಾಸ್ತ್ರವೂ ಈ ವಿಷಯದಲ್ಲಿ ಬಹಳ ದೂರ ನಿಂತಿಲ್ಲ. ದುರಂತ ಕಂಡವರನ್ನು ಕೂಡಲೇ ಕುಳ್ಳಿರಿಸಿ, ನಡೆದುದನ್ನೆಲ್ಲ ಮೊದಲಿನಿಂದ ಕೊನೆಯವರೆಗೆ ಹೇಳಿಸಿ ‘ಮನಸ್ಸು ಹಗುರ’ ಮಾಡುವ ಪದ್ಧತಿ ಹಿಂದೆ ಪ್ರಚಾರದಲ್ಲಿತ್ತು. ಅಂತಹ ಒಂದೇ ಬೈಠಕ್ಕಿನ ಚಿಕಿತ್ಸೆಯಿಂದ ಮುಂದಿನ ಮನೋವ್ಯಾಧಿ ತಡೆಯಲ್ಪಡುವುದಿಲ್ಲ, ಕೆಲವರಿಗೆ ಹಾನಿಯೂ ಆಗಬಹುದು ಎಂದು ಪರೀಕ್ಷಿಸಿ ನೋಡಿದವರು ಹೇಳಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಹೊರತಂದ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿ ಮೂರೇ ಕೆಲಸಗಳನ್ನು ಹೇಳುತ್ತದೆ: ನೋಡುವುದು, ಆಲಿಸುವುದು, ಅಗತ್ಯವಿರುವ ನೆರವಿನೊಡನೆ ಜೋಡಿಸುವುದು. ಒತ್ತಾಯಪಡಿಸಿ ಮಾತನಾಡಿಸಬೇಕೆಂದು ಅದರಲ್ಲಿ ಎಲ್ಲಿಯೂ ಇಲ್ಲ. ನಮ್ಮದೇ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ತಜ್ಞರು 1984ರ ಭೋಪಾಲದಿಂದ 2004ರ ಸುನಾಮಿಯವರೆಗೆ ಹಲವು ದುರಂತಗಳಲ್ಲಿ ದುಡಿದವರು. ಶಿಕ್ಷಕರು, ಗ್ರಾಮದ ಕಾರ್ಯಕರ್ತರು ಮುಂತಾದ ಸಾಮಾನ್ಯರಿಗೆ ತರಬೇತಿ ನೀಡಿ, ಅವರ ಕೈಯಿಂದಲೇ ಈ ಸೇವೆಯನ್ನು ಜನರಿಗೆ ತಲುಪಿಸಿದ್ದಾರೆ. ಮನೋವೈದ್ಯರಿಲ್ಲದ ಊರೆಂದು ವೇಣೂರಿನಂತಹ ಗ್ರಾಮಗಳು ಕೈಕಟ್ಟಿ ಕೂರಬೇಕಾಗಿಲ್ಲ.

ಆದರೆ ಯಾವುದನ್ನು ‘ನೋಡಬೇಕು’ ಎಂಬುದು ತಿಳಿದಿರಬೇಕು. ಸಣ್ಣವರು ಹಾಸಿಗೆ ಒದ್ದೆ ಮಾಡತೊಡಗಬಹುದು, ತಾಯಿಯ ಸೆರಗು ಬಿಡದಿರಬಹುದು, ಬಾಂಬಿನ ಆಟವನ್ನೇ ಮತ್ತೆ ಮತ್ತೆ ಆಡಬಹುದು. ಹದಿಹರೆಯದವರು ಅಳುವುದಿಲ್ಲ, ಸಿಡುಕುತ್ತಾರೆ, ತಡರಾತ್ರಿಯವರೆಗೆ ಎಚ್ಚರವಿರುತ್ತಾರೆ, ಬೈಕನ್ನು ಅತಿವೇಗದಲ್ಲಿ ಓಡಿಸುತ್ತಾರೆ, ಊಟದ ತಟ್ಟೆಯನ್ನು ಕೋಣೆಗೊಯ್ಯುತ್ತಾರೆ. ಇದನ್ನು ನಾವು ಅಹಂಕಾರವೆಂದು ಬಗೆಯುತ್ತೇವೆ. ಬಹುಪಾಲು ಮಕ್ಕಳು ಮನೆಯ, ಶಾಲೆಯ ನಿತ್ಯಕ್ರಮಕ್ಕೆ ಮರಳಿದಂತೆ ಕೆಲವು ವಾರಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ಒಂದು ತಿಂಗಳು ಕಳೆದರೂ ದುಃಸ್ವಪ್ನಗಳು ನಿಲ್ಲದಿದ್ದರೆ, ಶಾಲೆಗೆ ಹೋಗಲು ಒಪ್ಪದಿದ್ದರೆ, ಆ ದೃಶ್ಯ ಹಗಲಲ್ಲೂ ಕಣ್ಣೆದುರು ಬರುತ್ತಿದ್ದರೆ ವೈದ್ಯರ ಬಳಿ ಹೋಗಲೇಬೇಕು. ಬದುಕಿರುವುದು ಬೇಡವೆಂಬ ಮಾತು ಬಾಯಿಂದ ಬಂದರೆ ತಿಂಗಳು ಕಾಯುವಂತಿಲ್ಲ, ಅದೇ ದಿನ ಹೋಗಬೇಕು. ಕೇಂದ್ರ ಸರಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲಿಯೇ ಮಾತನಾಡಬಹುದು. ಈ ಸಂಖ್ಯೆಯನ್ನು ಪ್ರತಿಯೊಂದು ಧರ್ಮಕೇಂದ್ರದ ಸೂಚನಾ ಫಲಕದಲ್ಲಿ, ಪೂಜೆಯ ವೇಳಾಪಟ್ಟಿಯ ಕೆಳಗೆ ಬರೆದಿಟ್ಟರೆ ತಪ್ಪೇನು?

ಅಂಕಗಳ ಬಗ್ಗೆಯೂ ಒಂದು ಮಾತು ಹೇಳಬೇಕು. ನಮ್ಮ ಜಿಲ್ಲೆಯಲ್ಲಿ ಆಕಾಶ ಕಳಚಿ ಬಿದ್ದರೂ ಮರುದಿನ ಟ್ಯೂಷನ್ ಇರುತ್ತದೆ. ನಾರ್ವೆಯಲ್ಲಿ 2011ರ ಜುಲೈ 22ರಂದು ಉಟೊಯಾ ಎಂಬ ದ್ವೀಪದ ಯುವಶಿಬಿರದಲ್ಲಿ ಒಬ್ಬನೇ ಹಂತಕನ ಗುಂಡಿನ ದಾಳಿಗೆ 69 ಮಂದಿ ಬಲಿಯಾದರು. ಮಡಿದವರಲ್ಲಿ ಹೆಚ್ಚಿನವರು ಹದಿಹರೆಯದವರು. ಬದುಕುಳಿದ ವಿದ್ಯಾರ್ಥಿಗಳ ಅಂಕಗಳು ಮುಂದಿನ ವರ್ಷ ಕುಸಿದುದನ್ನು ಅಲ್ಲಿನ ಸಂಶೋಧಕರು ದಾಖಲಿಸಿದ್ದಾರೆ. ಆ ದೇಶ ಇನ್ನೊಂದು ಕೆಲಸ ಮಾಡಿತು. ನೊಂದವರು ಬಂದು ಕೇಳಲಿ ಎಂದು ಕಾಯದೆ, ಅವರವರ ಊರಿನ ಆಡಳಿತವೇ ಬದುಕುಳಿದವರ ಮನೆಯನ್ನು ಸಂಪರ್ಕಿಸಿ ವಿಚಾರಿಸುವ ವ್ಯವಸ್ಥೆಯನ್ನು ರೂಪಿಸಿತು. ನಮ್ಮಲ್ಲಿ ವಾಳೆಗಳಿವೆ, ಗುರ್ಕಾರರಿದ್ದಾರೆ. ವಂತಿಗೆ ಕೇಳಲು ಮನೆಯ ಮೆಟ್ಟಿಲೇರುವ ಅವರು, ‘ಮಗು ನಿದ್ದೆ ಮಾಡುತ್ತಿದೆಯೇ?’ ಎಂದು ವಿಚಾರಿಸಲೂ ಏರಬಹುದಷ್ಟೆ.

ಸದ್ದಿನ ಭಯ ನಮ್ಮ ಊರಿಗೆ ಮತ್ತೊಂದು ಬಗೆಯಲ್ಲಿಯೂ ಬಂತು. 2024ರ ಜನವರಿ 28ರಂದು ವೇಣೂರಿಗೆ ಹತ್ತಿರದ ಕುಕ್ಕೇಡಿ ಗ್ರಾಮದ ಪಟಾಕಿ ತಯಾರಿಕಾ ಘಟಕದಲ್ಲಿ ಸ್ಫೋಟ ಸಂಭವಿಸಿ ಮೂವರು ಕಾರ್ಮಿಕರು ಮೃತಪಟ್ಟರು. ಅದು ಉಗ್ರರ ಕೃತ್ಯವಲ್ಲ, ದುಡಿಯುವವರ ಮೇಲೆ ಎರಗಿದ ಅವಘಡ. ಆದರೆ ಅಂದು ಸಂಜೆ ನೆಲ ಅದುರಿದಾಗ, ಮೊದಲ ಕ್ಷಣದಲ್ಲಿ ನನ್ನ ಮನಸ್ಸಿಗೆ ಬಂದ ಪದ ಪಟಾಕಿಯಲ್ಲ. ಹದಿನಾಲ್ಕು ತಿಂಗಳ ಹಿಂದಿನ ನಾಗುರಿ ನನ್ನೊಳಗೂ ಇನ್ನೂ ಇತ್ತು. ಮುಂದಿನ ತಿಂಗಳು ನಮ್ಮ ಬಾಹುಬಲಿಯ ಮಹಾಮಸ್ತಕಾಭಿಷೇಕಕ್ಕೆ ನಾಡಿನ ಎಲ್ಲೆಡೆಯಿಂದ ಜನ ಬಂದಾಗ, ಕುಕ್ಕರಿನ ಹುಡುಗಿ ತನ್ನ ಗೆಳತಿಯರೊಡನೆ ಆ ಜನಜಂಗುಳಿಯಲ್ಲಿ ಓಡಾಡುತ್ತಿದ್ದುದನ್ನು ಕಂಡು ನನಗೇ ಧೈರ್ಯ ಬಂತು.

ಇಲ್ಲಿಯವರೆಗೆ ಹೇಳಿದುದು ಭಯದ ವಿಚಾರ. ಅದು ಸುಲಭದ ಭಾಗ. ಕಷ್ಟವಿರುವುದು ಕೋಪದಲ್ಲಿ.

2025ರ ಏಪ್ರಿಲ್ 22ರಂದು ಕಾಶ್ಮೀರದ ಪಹಲ್ಗಾಮ್ ಸಮೀಪದ ಬೈಸರನ್ ಹುಲ್ಲುಗಾವಲಿನಲ್ಲಿ ಉಗ್ರರು 26 ಮಂದಿಯನ್ನು ಕೊಂದರು. ಧರ್ಮ ಯಾವುದೆಂದು ಕೇಳಿ ಕೊಂದರೆಂದು ಬದುಕುಳಿದವರು ಹೇಳಿದರು. ಮಡಿದವರಲ್ಲಿ ಹಿಂದೂಗಳೇ ಹೆಚ್ಚಿನವರು, ಒಬ್ಬರು ಕ್ರೈಸ್ತರು, ಪ್ರವಾಸಿಗರನ್ನು ಕಾಪಾಡಲು ಮುಂದಾದ ಸ್ಥಳೀಯ ಮುಸ್ಲಿಂ ಕುದುರೆ ಚಾಲಕನೊಬ್ಬನೂ ಪ್ರಾಣ ತೆತ್ತ. ಕರ್ನಾಟಕದ ಮನೆಗಳಿಗೂ ಶವಪೆಟ್ಟಿಗೆಗಳು ಬಂದವು. ಆ ವಾರ ನಮ್ಮ ಯುವಜನರ ಕಣ್ಣುಗಳಲ್ಲಿ ಕಂಡುದು ನ್ಯಾಯವಾದ ಕೋಪ. ಅದನ್ನು ಪಾಪವೆಂದು ನಾನು ಕರೆಯಲಾರೆ.

ಆದರೆ ಕರಾವಳಿಯಲ್ಲಿ ಮುಂದೆ ನಡೆದುದೇನು? ಏಪ್ರಿಲ್ 27ರಂದು ಮಂಗಳೂರಿನ ಕುಡುಪುವಿನಲ್ಲಿ, ಕ್ರಿಕೆಟ್ ಪಂದ್ಯ ನಡೆಯುತ್ತಿದ್ದ ಮೈದಾನದ ಬಳಿ, ಕೇರಳ ಮೂಲದ ಮುಸ್ಲಿಂ ವ್ಯಕ್ತಿಯೊಬ್ಬನನ್ನು ಗುಂಪೊಂದು ಹೊಡೆದು ಕೊಂದಿತು. ಆತ ಪಾಕಿಸ್ತಾನದ ಪರ ಘೋಷಣೆ ಕೂಗಿದನೆಂಬ ಮಾತು ಬಳಿಕ ಹರಡಿತು. ಮೇ 1ರಂದು ಬಜ್ಪೆಯಲ್ಲಿ ಹಿಂದೂ ಸಂಘಟನೆಯ ಕಾರ್ಯಕರ್ತನೊಬ್ಬನನ್ನು ಕಡಿದು ಕೊಲ್ಲಲಾಯಿತು. ಮೇ 27ರಂದು ಬಂಟ್ವಾಳ ತಾಲೂಕಿನ ಕೊಳ್ತಮಜಲಿನಲ್ಲಿ ಮರಳು ಇಳಿಸುತ್ತಿದ್ದ ಮುಸ್ಲಿಂ ಯುವಕನೊಬ್ಬ ಕೊಲೆಯಾದ. ಇವೆಲ್ಲವೂ ಪಹಲ್ಗಾಮ್‌ನಿಂದಲೇ ಹುಟ್ಟಿದವೆಂದು ಹೇಳಲಾಗದು. ನಮ್ಮ ಜಿಲ್ಲೆಗೆ ತನ್ನದೇ ಆದ ಹಳೆಯ ಲೆಕ್ಕಗಳಿವೆ. ಆದರೆ ಈ ಐದು ವಾರಗಳನ್ನು ಒಬ್ಬ ಹದಿನೇಳರ ಹುಡುಗ ಹೇಗೆ ಅನುಭವಿಸಿದನೆಂಬುದನ್ನು ಯೋಚಿಸಿರಿ. ವೇಣೂರಿನಿಂದ ಮೂಡುಬಿದಿರೆಯ ಮೂಲಕ ಮಂಗಳೂರಿನ ಕಾಲೇಜಿಗೆ ಹೋಗುವ ಬಸ್ಸು ಕುಡುಪುವನ್ನು ಹಾದೇ ಹೋಗುತ್ತದೆ. ಕಿಟಕಿಯ ಬಳಿ ಕುಳಿತ ನಮ್ಮ ಮಕ್ಕಳು ಆ ನಿಲ್ದಾಣ ಬಂದಾಗ ಮಾತು ನಿಲ್ಲಿಸುತ್ತಿದ್ದರೆಂದು ಒಬ್ಬಳು ನನಗೆ ಹೇಳಿದಳು. ಅದೇ ಬಸ್ಸಿನಲ್ಲಿ ಬುರ್ಖಾ ಧರಿಸಿದ ಅವಳ ಸಹಪಾಠಿಯೂ ಇದ್ದಳು. ಅವಳು ಮಾತು ನಿಲ್ಲಿಸುತ್ತಿದ್ದುದು ಮೂಡುಬಿದಿರೆಯಲ್ಲಿ ಬಸ್ಸು ಹತ್ತಿದಾಗಲೇ. ದಾಳಿಯ ನಂತರ ಮಕ್ಕಳನ್ನು ಸಂತೈಸುವುದೆಂದರೆ ನಮ್ಮ ಮಕ್ಕಳನ್ನು ಮಾತ್ರ ಸಂತೈಸುವುದಲ್ಲ. ತಾನು ಮಾಡದ ಅಪರಾಧಕ್ಕೆ ಉತ್ತರ ಕೊಡಬೇಕಾಗಿ ಬಂದ ಮಗುವಿನ ಭಯ ಎಲ್ಲಕ್ಕಿಂತ ಆಳವಾದುದು.

ಕ್ರೈಸ್ತರಾದ ನಾವು ಈ ವಿಷಯದಲ್ಲಿ ಮೇಲುಗದ್ದೆಯಲ್ಲಿ ನಿಂತು ಉಪದೇಶಿಸುವಂತಿಲ್ಲ. 2000ದ ಇಸವಿಯಲ್ಲಿ ನಡೆದುದನ್ನು ಹಿರಿಯ ಓದುಗರು ಮರೆತಿರಲಾರರು. ಜೂನ್ 8ರಂದು ಕಲಬುರಗಿ ಜಿಲ್ಲೆಯ ವಾಡಿಯ ಚರ್ಚಿನಲ್ಲಿ, ಜುಲೈ 8ರಂದು ಹುಬ್ಬಳ್ಳಿಯ ಚರ್ಚಿನಲ್ಲಿ, ಮರುದಿನ ಬೆಂಗಳೂರಿನ ಜಗಜೀವನರಾಂ ನಗರದ ಚರ್ಚಿನಲ್ಲಿ ಬಾಂಬುಗಳು ಸಿಡಿದವು. ಇದು ಯಾರ ಕೆಲಸವೆಂದು ನಮ್ಮಲ್ಲಿ ಅನೇಕರು ಅಂದೇ ನಿರ್ಧರಿಸಿಬಿಟ್ಟಿದ್ದೆವು. ಶಿಕ್ಷಕರ ಕೊಠಡಿಯಲ್ಲಿ ನಾನೂ ದನಿಗೂಡಿಸಿದ್ದೆ. ಜುಲೈ 9ರ ರಾತ್ರಿ ಬೆಂಗಳೂರಿನಲ್ಲಿ ಬಾಂಬು ಸಾಗಿಸುತ್ತಿದ್ದ ವ್ಯಾನೇ ಸ್ಫೋಟಗೊಂಡಾಗ ದೀನ್‌ದಾರ್ ಅಂಜುಮನ್ ಎಂಬ ಪಂಥದವರ ಕೈವಾಡ ಬಯಲಾಯಿತು. ನಾವು ಬೆರಳು ತೋರಿಸಿದುದು ಬೇರೆ ದಿಕ್ಕಿಗೆ. ನಾಗುರಿಯ ಪ್ರಕರಣದಲ್ಲಿಯೂ ಆರೋಪಿಯ ಬಳಿ ಸಿಕ್ಕಿದುದು ಕಳೆದುಹೋಗಿದ್ದ ಯಾರದೋ ಆಧಾರ್ ಕಾರ್ಡ್. ಏನೂ ಅರಿಯದ ಆ ಮನುಷ್ಯ ಕೆಲವು ಗಂಟೆಗಳ ಕಾಲ ಸಂಶಯದ ನೆರಳಲ್ಲಿ ನಿಲ್ಲಬೇಕಾಯಿತು. ‘ಯಾರು ಮಾಡಿದರು?’ ಎಂದು ಮಕ್ಕಳು ಕೇಳಿದಾಗ ‘ಇನ್ನೂ ತಿಳಿದಿಲ್ಲ’ ಎಂದು ಹೇಳುವ ಧೈರ್ಯ ಹಿರಿಯರಿಗೆ ಬೇಕು. ತಿಳಿದ ಬಳಿಕವೂ ‘ಅವರು’ ಎಂಬ ಬಹುವಚನದಲ್ಲಿ ಒಂದು ಸಮುದಾಯವನ್ನೇ ತುಂಬಿಸದಿರುವ ಎಚ್ಚರ ಬೇಕು.

ಹಾಗೆ ಎಚ್ಚರ ವಹಿಸಿದ ಒಂದು ಉದಾಹರಣೆ ನಮ್ಮ ಕಣ್ಣೆದುರಿಗೇ ಇದೆ. 1880ರಲ್ಲಿ ಯೇಸುಸಭೆಯ ಫಾದರ್ ಮುಲ್ಲರ್ ಆರಂಭಿಸಿದ ಸೇವೆಯಿಂದ ಬೆಳೆದ ಕಂಕನಾಡಿಯ ಆಸ್ಪತ್ರೆಗೆ ನಾಗುರಿಯ ಇಬ್ಬರು ಗಾಯಾಳುಗಳೂ ದಾಖಲಾದರು. ಸುಟ್ಟ ಚಾಲಕರೂ ಅಲ್ಲಿ, ಬಾಂಬು ಹೊತ್ತು ತಂದ ಆರೋಪಿಯೂ ಅಲ್ಲಿ. ಎರಡು ಹಾಸಿಗೆಗಳಿಗೂ ಔಷಧ ಹೋಯಿತು, ಪಟ್ಟಿ ಬದಲಾಯಿತು. ಈ ವಿಷಯವನ್ನು ತರಗತಿಯಲ್ಲಿ ತಿಳಿಸಿದಾಗ ಹುಡುಗರು ಅರ್ಧ ಗಂಟೆ ಜಗಳವಾಡಿದರು. ‘ಅವನಿಗೇಕೆ ಮದ್ದು?’ ಎಂದು ಒಬ್ಬ ಮೇಜು ಗುದ್ದಿದ. ನಾನು ತೀರ್ಪು ಕೊಡಲಿಲ್ಲ. ಮೇಜು ಗುದ್ದುವುದು ಅವನ ಹಕ್ಕಾಗಿತ್ತು, ಮತ್ತು ಅದು ಯಾರ ತಲೆಯೂ ಆಗಿರಲಿಲ್ಲ. ಬಳಿಕ ಅವನೇ ಮುಂದಾಗಿ ಚಾಲಕರಿಗೆ ಒಂದು ಕಾರ್ಡ್ ಬರೆಯೋಣವೆಂದ. ಎಲ್ಲರೂ ಸಹಿ ಹಾಕಿದರು. ಮಂಗಳೂರಿಗೆ ಹೋಗುವವರೊಬ್ಬರ ಕೈಯಲ್ಲಿ ಕಳುಹಿಸಿದೆವು. ಭಯಗೊಂಡವರ ಕೈಗೆ ಒಂದು ಕೆಲಸ ಕೊಡಬೇಕು ಎಂಬುದನ್ನು ನಾನು ಕಲಿತುದು ಆ ಹುಡುಗನಿಂದ.

ಕೊಳ್ತಮಜಲಿನ ಕೊಲೆಯ ನಂತರ ಹೊರಡಿಸಿದ ನಿಷೇಧಾಜ್ಞೆ ತೆರವಾದ ಬಳಿಕ, 2025ರ ಜೂನ್ ಮೊದಲ ವಾರದಲ್ಲಿ, ನಮ್ಮ ವಾಳೆಯ ಒಂದು ಮನೆಯಲ್ಲಿ ಕೆಲವು ಹೆತ್ತವರು ಮತ್ತು ಯುವಜನರು ಒಟ್ಟು ಸೇರಿದೆವು. ಭಾಷಣವಿರಲಿಲ್ಲ. ಮೊಬೈಲುಗಳನ್ನು ಒಂದು ಬುಟ್ಟಿಯಲ್ಲಿಟ್ಟೆವು. ಯುವಕರು ಮಾತನಾಡಲಿ, ಹಿರಿಯರು ಕೇಳಲಿ ಎಂದಷ್ಟೇ ನಿಯಮ. ಮೊದಲ ಹತ್ತು ನಿಮಿಷ ಯಾರೂ ಬಾಯಿ ತೆರೆಯಲಿಲ್ಲ. ಬಳಿಕ ಒಬ್ಬ ಹುಡುಗ, ತನ್ನನ್ನು ಒಂದನೆಯ ತರಗತಿಯಿಂದ ಶಾಲೆಗೆ ಒಯ್ದ ನೆರೆಮನೆಯ ಮುಸ್ಲಿಂ ರಿಕ್ಷಾ ಚಾಲಕರನ್ನು ಕಂಡರೆ ಏನು ಮಾತನಾಡಬೇಕೆಂದೇ ತಿಳಿಯುವುದಿಲ್ಲ, ಅವರೂ ಈಗ ಹಾರ್ನ್ ಹಾಕಿ ಕರೆಯುವುದಿಲ್ಲ ಎಂದ. ಅಷ್ಟರಲ್ಲಿ ಒಬ್ಬ ತಂದೆ ನಿಯಮ ಮುರಿದು ಸಿಡಿದರು. ಇಂತಹ ಮೃದು ಮಾತುಗಳಿಂದಲೇ ಕ್ರೈಸ್ತರು ಪೆಟ್ಟು ತಿನ್ನುವುದು, ಮಕ್ಕಳಿಗೆ ಕಲಿಸಬೇಕಾದುದು ತಿರುಗಿ ನಿಲ್ಲುವುದನ್ನು ಎಂದು ಗದ್ಗದರಾದರು. ಎಲ್ಲರೂ ಬೆರಗಾದೆವು. ಅವರು ಸದ್ದು ಮಾಡುವ ಮನುಷ್ಯರಲ್ಲ.

ಕಾರಣವನ್ನು ಅವರ ಪತ್ನಿ ತಿಳಿಸಿದರು. 2008ರ ಸೆಪ್ಟೆಂಬರ್ 14ರಂದು ಮಂಗಳೂರಿನ ಮಿಲಾಗ್ರಿಸ್ ಬಳಿಯ ಆರಾಧನಾ ಮಠದ ಮೇಲೆ ದಾಳಿ ನಡೆದಾಗ, ಜಿಲ್ಲೆಯ ಇತರ ಪ್ರಾರ್ಥನಾಲಯಗಳ ಮೇಲೂ ಕಲ್ಲು, ದೊಣ್ಣೆಗಳು ಬಿದ್ದಾಗ, ಪ್ರತಿಭಟಿಸಿದವರ ಮೇಲೆ ಪೊಲೀಸರ ಲಾಠಿ ಬೀಸಿದಾಗ, ಅವರು ಮಂಗಳೂರಿನಲ್ಲಿ ಓದುತ್ತಿದ್ದ ಹದಿನೆಂಟರ ಯುವಕ. ಕಾನೂನಿನ ಭಾಷೆಯಲ್ಲಿ ಅದು ಭಯೋತ್ಪಾದನೆಯಲ್ಲದಿರಬಹುದು. ಚರ್ಚಿನ ಅಂಗಳದಲ್ಲಿ ಓಡುತ್ತಿದ್ದ ಹುಡುಗನಿಗೆ ಆ ವ್ಯತ್ಯಾಸ ತಿಳಿಯುವುದಿಲ್ಲ. ಆ ದಿನಗಳಲ್ಲಿ ಸಭೆಗಳಾದವು, ಮನವಿಗಳಾದವು, ಆಯೋಗವೂ ಬಂತು. ಒಡೆದ ಗಾಜುಗಳನ್ನು ಎಣಿಸಲಾಯಿತು. ‘ನೀನು ಏನು ಕಂಡೆ?’ ಎಂದು ಆ ಹುಡುಗನನ್ನು ಕೇಳಿದವರು ಮಾತ್ರ ಒಬ್ಬರೂ ಇರಲಿಲ್ಲವಂತೆ. ಹದಿನೇಳು ವರ್ಷ ಅವರು ಅದನ್ನು ಯಾರಲ್ಲಿಯೂ ಆಡಿರಲಿಲ್ಲ. ಅಂದಿನ ಯುವಜನರೆಲ್ಲ ಇಂದು ನಮ್ಮ ಹೆತ್ತವರ ಸಾಲಿನಲ್ಲಿ ಕುಳಿತಿದ್ದಾರೆ ಎಂಬುದು ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ.

ಅವರ ಮಗ, ರಿಕ್ಷಾದ ವಿಷಯ ಹೇಳಿದ ಅದೇ ಹುಡುಗ, ತಂದೆಯನ್ನು ಹೊಸಬರನ್ನು ನೋಡಿದಂತೆ ನೋಡುತ್ತಿದ್ದ. “ಆಗ ನೀವು ಎಲ್ಲಿ ಅಡಗಿಕೊಂಡಿರಿ, ಪಪ್ಪಾ?” ಎಂದು ಮೆಲ್ಲನೆ ಕೇಳಿದ. ತಂದೆ ಬಹಳ ಹೊತ್ತು ನೆಲ ನೋಡಿದರು. ಬಳಿಕ ಹೇಳತೊಡಗಿದರು. ಹೊರಗೆ ಮಳೆ ಬಿರುಸಾಗಿ ಹಂಚಿನ ಮೇಲಿನ ಸದ್ದಿನಲ್ಲಿ ಅರ್ಧ ಮಾತುಗಳು ಕೇಳಿಸುತ್ತಿರಲಿಲ್ಲ. ಯಾರೂ ಎದ್ದು ಬಾಗಿಲು ಮುಚ್ಚಲಿಲ್ಲ. ಹತ್ತು ಗಂಟೆಯಾದಾಗ ಅವರು ಇನ್ನೂ ಆ ದಿನದ ಮಧ್ಯಾಹ್ನದಲ್ಲಿಯೇ ಇದ್ದರು. ಉಳಿದುದನ್ನು ಮುಂದಿನ ರವಿವಾರ ಹೇಳುವೆನೆಂದು ಕೊಡೆ ಬಿಡಿಸಿ, ಮಗನ ಹೆಗಲ ಮೇಲೆ ಕೈಯಿಟ್ಟು ಹೊರಟರು.